ಎದೆಯ ಎಡಬದಿಯಲ್ಲೊಂದು ನೋವು

ದೋಣಿ ದಡಕ್ಕೆ ಬಂದು ನಿಂತಾಗ ಅಕಾಯಿತಿಯ ಮುಖ ಕಂಡದ್ದು ಒಬ್ಬನಿಗೆ ಮಾತ್ರ.

ಅವಳು ಕೂರುತ್ತಿದ್ದದ್ದು ಮೊದಲ ಆಸನದಲ್ಲಿ. ಹಿಂದೆ ಕೂತ ಐವರಿಗೆ ಅವಳ ಬೆನ್ನು, ಭುಜ, ಎತ್ತಿ ಕಟ್ಟಿದ ಕೂದಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವಳ ಹುಟ್ಟು ನೀರಿಗೆ ಬಿದ್ದಾಗ ಇವರದೂ ಬೀಳಬೇಕು, ಎದ್ದಾಗ ಏಳಬೇಕು. ದ್ವೀಪದ ಊರು ಅವಾನಾದ ಹೆಂಗಸರ ಓಟದ ದೋಣಿಗೆ ತಾಳ ಹಾಕುವವಳು ಅವಳು. ಅವಳಿಗಿಂತ ಮೊದಲು ಆ ಆಸನದಲ್ಲಿ ಕೂತವಳು ಅವಳ ಚಿಕ್ಕಮ್ಮ, ಅದಕ್ಕೂ ಮೊದಲು ಅವಳ ಅಮ್ಮ ತೆಪೈರು.

ಆ ಸಂಜೆ ಕೊನೆಯ ಓಟ ಮುಗಿಸಿ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು ನೋಡಿ... ಎದೆಯ ಎಡಬದಿಯಲ್ಲಿ ಯಾರೋ ಸೂಜಿ ಚುಚ್ಚಿ ಹಾಗೇ ಬಿಟ್ಟಂತಾಯಿತು. ಕೈ ತಾನಾಗಿ ಅಲ್ಲಿಗೆ ಹೋಯಿತು. ಉಸಿರು ಅರ್ಧದಲ್ಲೇ ನಿಂತಿತು. ಕಣ್ಣು ಮುಚ್ಚಿ, ತುಟಿ ಕಚ್ಚಿ, ಅದು ಹೋಗುವವರೆಗೆ ಕಾದಳು. ಯಾವಾಗಲೂ ಹೋಗುತ್ತಿತ್ತು. ಇವತ್ತೂ ಹೋಗುತ್ತದೆ.

ಕಣ್ಣು ಬಿಟ್ಟಾಗ ಎದುರಿಗೆ ಒಬ್ಬ ಗಂಡಸು ಸೊಂಟದ ತನಕ ನೀರಿನಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಪ್ಯಾಂಟು, ಕಾಲಲ್ಲಿ ಬೂಟು. ದಡದ ಬಾಳೆ ಎಲೆಯ ಮೇಲೆ ಅವನು ಬಿಟ್ಟುಬಂದ ಹುರಿದ ಮೀನನ್ನು ಆಗಲೇ ಒಂದು ಕೋಳಿ ಕುಕ್ಕುತ್ತಿತ್ತು.

"ಎಲ್ಲಿ ನೋವು?" ಎಂದ ಮೆಲ್ಲಗೆ. "ಎಡಗೈಗೂ ಬರತ್ತಾ? ತಲೆ ಸುತ್ತುತ್ತಾ?"

ಅಕಾಯಿತಿ ಥಟ್ಟನೆ ಕೈ ಇಳಿಸಿದಳು. "ನೀನ್ಯಾರಯ್ಯಾ, ಬೂಟು ಹಾಕ್ಕೊಂಡು ಸಮುದ್ರಕ್ಕೆ ಇಳಿದಿರೋನು?"

ದೋಣಿಯೆಲ್ಲ ಗೊಳ್ಳೆಂದು ನಕ್ಕಿತು. ಹಿಂದಿನಿಂದ ದಿಕ್ಕು ಹಿಡಿಯುವ ಮೀರಿಯಾಮಾ ಕೂಗಿದಳು, "ಅವ್ರು ಹೊಸ ಡಾಕ್ಟ್ರು ಕಣೇ! ಆಕ್ಲೆಂಡಿನಿಂದ ಬಂದಿರೋರು. ಅವರಮ್ಮ ಅರೊರಂಗಿಯೋರು."

ಅರೊರಂಗಿ! ದ್ವೀಪದ ಆ ಕಡೆಯ ಊರು. ಪ್ರತಿ ವರ್ಷ ಅವಾನಾದ ದೋಣಿಯ ಪಕ್ಕದಲ್ಲೇ ಹಲ್ಲು ಕಚ್ಚಿಕೊಂಡು ಓಡುವ ದೋಣಿ ಅವರದು.

"ಓ, ಹಾಗೆ," ಎಂದಳು ಅಕಾಯಿತಿ, ನೀರಿಗೆ ಜಿಗಿಯುತ್ತ. "ನಂಗೇನೂ ಆಗಿಲ್ಲ. ಬೆವರು ಕಣ್ಣಿಗೆ ಹೋಯ್ತು. ನಿಮ್ಮೂರೋರಿಗೆ ಹೋಗಿ ಹೇಳಿ, ಈ ಸಲಾನೂ ನಮ್ಮ ಬೆನ್ನೇ ನೋಡ್ಬೇಕು ಅಂತ."

ಅವನು ನಗಲಿಲ್ಲ. "ಬೆವರು ಕಣ್ಣಿಗೆ ಹೋದ್ರೆ ಕೈ ಕಣ್ಣಿಗೆ ಹೋಗತ್ತೆ," ಎಂದಷ್ಟೇ ಹೇಳಿ, ನೀರು ಸುರಿಯುವ ಪ್ಯಾಂಟಿನಲ್ಲಿ ದಡ ಹತ್ತಿಹೋದ.

ಅವಳಿಗೆ ಸಿಟ್ಟು ಬಂತು. ನೋಡಿದ್ದಕ್ಕೆ ಸಿಟ್ಟು. ಸರಿಯಾಗಿ ನೋಡಿದ್ದಕ್ಕೆ ಇನ್ನೂ ಸಿಟ್ಟು.

* * *

ಅಕಾಯಿತಿಗೆ ಇಪ್ಪತ್ತನಾಲ್ಕು ವರ್ಷ. ಊರಿನ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಸಂಜೆ ದೋಣಿ. ಮನೆಯಲ್ಲಿ ಅವಳೂ ಅಜ್ಜಿ ರೂಟಾಳೂ ಇಬ್ಬರೇ. ಅಜ್ಜಿ ಊರಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು ಹೂವಿನ ಚಿತ್ತಾರದ ಹೊದಿಕೆ ಹೊಲಿಯುವವಳು. ಬಾಯಿ ತೆರೆದರೆ ಪಾದ್ರಿಯೂ ಸುಮ್ಮನಾಗುತ್ತಿದ್ದರು.

ಅಮ್ಮ ತೆಪೈರು ತೀರಿಹೋದಾಗ ಅಕಾಯಿತಿಗೆ ಒಂಬತ್ತು ವರ್ಷ. ಚಿಕ್ಕಂದಿನಲ್ಲಿ ಬಂದ ಗಂಟಲು ನೋವು, ಅದರ ಬೆನ್ನಿಗೆ ಬಂದ ಕೀಲುಜ್ವರ ಅಮ್ಮನ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ದೋಣಿಯ ಮೊದಲ ಆಸನದಲ್ಲಿ ಕೂರುತ್ತಿದ್ದವಳು ಬಚ್ಚಲಿಗೆ ನಡೆದುಹೋಗಲೂ ಏದುಸಿರು ಬಿಡುತ್ತಿದ್ದಳು.

ಅದಕ್ಕೇ ಅಕಾಯಿತಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ನೋವು ದಿನವೂ ಬರುತ್ತಿರಲಿಲ್ಲ. ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ. ಬಂದಾಗಲೆಲ್ಲ ಅಮ್ಮನ ನೀಲಿಗಟ್ಟಿದ ತುಟಿ ಕಣ್ಣೆದುರು ಬರುತ್ತಿತ್ತು.

ಮುಂದಿನ ಸಲ ಅದು ತರಗತಿಯಲ್ಲೇ ಬಂತು. ಸುಮ್ಮನೆ ಕುರ್ಚಿಯಲ್ಲಿ ಕೂತು ಮಕ್ಕಳ ಹಾಡು ಕೇಳುತ್ತಿದ್ದಳು. ಉಸಿರೆಳೆದರೆ ಚುಚ್ಚುತ್ತಿತ್ತು. ಹಾಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ನಿಲ್ಲಿಸಿ ಅವಳನ್ನೇ ನೋಡತೊಡಗಿದರು. ಆ ಪುಟ್ಟ ಮುಖಗಳ ಮೇಲಿನ ಹೆದರಿಕೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಾಲಕ್ಕೆ ಅದು ಅವಳದೇ ಮುಖದ ಮೇಲಿತ್ತು.

ಶಾಲೆ ಬಿಟ್ಟೊಡನೆ ಸ್ಕೂಟರನ್ನು ಆಸ್ಪತ್ರೆಯ ಗುಡ್ಡದ ಕಡೆ ತಿರುಗಿಸಿದಳು.

* * *

ಅವನ ಹೆಸರು ಮತಾಯೊ. ಅವಳು ಒಳಗೆ ಬಂದಾಗ ಅವನು ಆಶ್ಚರ್ಯ ತೋರಿಸಲಿಲ್ಲ, ನಾನು ಹೇಳಿರಲಿಲ್ಲವೇ ಎಂಬ ಗತ್ತನ್ನೂ ತೋರಿಸಲಿಲ್ಲ. ಅದು ಅವಳಿಗೆ ಸ್ವಲ್ಪ ಸಮಾಧಾನವೆನಿಸಿತು.

ಪ್ರಶ್ನೆಗಳು ಮಾತ್ರ ಮುಗಿಯಲಿಲ್ಲ. ಜೋರಾಗಿ ಹುಟ್ಟು ಹಾಕುವಾಗ ಬರುತ್ತದೆಯೋ, ಮುಗಿದ ಮೇಲೋ? ಎಂದಾದರೂ ಎಚ್ಚರ ತಪ್ಪಿದ್ದುಂಟೆ? ಮೆಟ್ಟಿಲು ಹತ್ತುವಾಗ ಏದುಸಿರೆ? ಊಟವಾದ ಮೇಲೆ ಉರಿಯುತ್ತದೆಯೇ? ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುತ್ತದೆಯೇ? ಹುಟ್ಟು ಬದಲಾಯಿಸಿದ್ದೀರಾ?

"ಹುಟ್ಟಿಗೂ ಹೃದಯಕ್ಕೂ ಏನು ಸಂಬಂಧ?" ಎಂದಳು.

"ನೋವು ಹುಟ್ಟಿಂದ ಬಂದಿದ್ರೆ ಹೃದಯಕ್ಕೆ ಸಂಬಂಧ ಇಲ್ಲ, ಅದೇ ಒಳ್ಳೇದು," ಎಂದ.

ಹುಟ್ಟು ಹೊಸದೇ. ಹಳೆಯದಕ್ಕಿಂತ ಅಗಲವಾದದ್ದು, ಹೆಚ್ಚು ನೀರು ಎಳೆಯುವಂಥದ್ದು. ವರ್ಷದ ದೋಣಿಹಬ್ಬದ ಓಟಕ್ಕೆಂದು ಅಭ್ಯಾಸವನ್ನೂ ಎರಡು ಪಟ್ಟು ಮಾಡಿದ್ದಳು. ಅವನು ಹೃದಯದ ಬಡಿತವನ್ನು ಕಾಗದದ ಮೇಲೆ ಬರೆಸಿ ನೋಡಿದ. ಆಮೇಲೆ ನರ್ಸಮ್ಮನನ್ನು ಕರೆದು, ಅವರು ಪಕ್ಕದಲ್ಲಿ ನಿಂತಿರುವಾಗ, ಎದೆಮೂಳೆಗೆ ಪಕ್ಕೆಲುಬು ಸೇರುವ ಕಡೆ ಹೆಬ್ಬೆರಳಿಟ್ಟು ಒತ್ತಿದ.

ಅಕಾಯಿತಿ ಕಿಟಾರನೆ ಕಿರುಚಿದಳು. "ಅದೇ! ಅದೇ ನೋವು!"

ಅವನ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಬಿಡಿಸಿ ಹೇಳಿದ. ಇವಳ ವಯಸ್ಸಿನವರಿಗೆ ಆಗೊಮ್ಮೆ ಈಗೊಮ್ಮೆ ಎದೆ ನೋಯುವುದಕ್ಕೆ ಹತ್ತಾರು ಕಾರಣ, ಅದರಲ್ಲಿ ಹೆಚ್ಚಿನವು ಹೃದಯದ್ದಲ್ಲ. ಪಕ್ಕೆಲುಬಿನ ತುದಿಯ ಮೃದುವಾದ ಎಲುಬು ಊದಿಕೊಂಡಿರಬಹುದು. ಹೃದಯವನ್ನು ಬೆರಳಿಂದ ಒತ್ತಿ ನೋಯಿಸಲಾಗುವುದಿಲ್ಲ, ಇದನ್ನು ನೋಯಿಸಬಹುದು. ಎದೆಯ ಮಾಂಸಖಂಡ ಉಳುಕಿರಬಹುದು. ಸುಮ್ಮನೆ ಕೂತಾಗ ಚುಚ್ಚಿ, ನಿಮಿಷದಲ್ಲಿ ಮಾಯವಾಗುವ ಒಂದು ನೋವುಂಟು. ಹರೆಯದವರಲ್ಲಿ ಬಹಳ, ಅಪಾಯವೇನಿಲ್ಲ. ಹೊಟ್ಟೆಯ ಹುಳಿ ಮೇಲೆ ಬಂದರೂ ಎದೆ ಉರಿಯುತ್ತದೆ. ಮನಸ್ಸಿನ ಭಯವೂ ಎದೆಯಲ್ಲೇ ಬಂದು ಕೂರುತ್ತದೆ.

"ಹಾಗಾದ್ರೆ ನಂಗೇನಿಲ್ಲ?"

"ಹಾಗಂತ ನಂಗನ್ಸತ್ತೆ. ಆದ್ರೆ ನಿಮ್ಮ ಅಮ್ಮನ ವಿಷಯ ಕೇಳಿದ ಮೇಲೆ ಅನಿಸಿಕೆ ಸಾಲದು. ಚಿಕ್ಕವರಿದ್ದಾಗ ನಿಮಗೂ ಮಂಡಿ ಊದಿ ಜ್ವರ ಬಂದಿತ್ತು ಅಂದ್ರಿ. ಹೃದಯದ ಸ್ಕ್ಯಾನ್ ಮಾಡೋ ತಂಡ ಮುಂದಿನ ವಾರ ನ್ಯೂಜಿಲೆಂಡಿನಿಂದ ಬರ್ತಿದೆ. ಅಲ್ಲೀವರೆಗೂ ದೋಣಿ ಬೇಡ."

ಅವಳು ಎದ್ದು ನಿಂತಳು. "ಹಬ್ಬಕ್ಕೆ ತಿಂಗಳಷ್ಟೇ ಇರೋದು."

"ಗೊತ್ತು."

"ನಮ್ಮ ಕೋಚ್ ಪುನಾಗೆ ಗೊತ್ತಾದ್ರೆ ಆಸನ ಬೇರೆಯವ್ರಿಗೆ ಹೋಗತ್ತೆ. ಯಾರಿಗೂ ಹೇಳ್ಬಾರ್ದು ನೀವು. ನಮ್ಮಜ್ಜಿಗೂ."

"ಈ ಕೋಣೆಯ ಮಾತು ಈ ಕೋಣೆ ದಾಟಲ್ಲ," ಎಂದ ಮತಾಯೊ. "ಆದ್ರೆ ವಿಶ್ರಾಂತಿಯ ಮಾತು ನೀವೂ ಉಳಿಸಿಕೊಳ್ಳಬೇಕು."

ಅವಳು ಹ್ಞೂಂ ಎಂದಳು. ಮಕ್ಕಳ ಪರೀಕ್ಷೆಯ ನೆಪ ಹೇಳಿ ಎರಡು ದಿನ ಅಭ್ಯಾಸ ತಪ್ಪಿಸಿದಳು ಕೂಡ. ಆದರೆ ಮೂರನೆಯ ದಿನ ದಡದಲ್ಲಿ ಕೂತು ನೋಡಿಬರೋಣವೆಂದು ಹೋದವಳಿಗೆ ಕಂಡದ್ದು... ಮೊದಲ ಆಸನದಲ್ಲಿ ತಂಗಿ, ಚಿಕ್ಕಮ್ಮನ ಮಗಳು, ಕೂತಿದ್ದಳು.

* * *

ಪುನಾ ಬೆಟ್ಟದಂಥ ಆಳು, ಮೀನು ಹಿಡಿಯುವವನು. ಅಕಾಯಿತಿಯ ಕಣ್ಣು ತಪ್ಪಿಸಿ ಮರಳು ಕೆದಕುತ್ತ ಹೇಳಿದ, "ನಿನ್ನ ಎದೆ ಸರಿಯಿಲ್ಲ ಅಂತ ಕೇಳಿದೆ ಮಗಳೇ. ನಿಮ್ಮಮ್ಮನ ದೋಣಿಗೂ ನಾನೇ ಕೋಚು. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ."

ಯಾರು ಹೇಳಿದರೆಂದು ಕೇಳಿದರೆ ಬಾಯಿ ಬಿಡಲಿಲ್ಲ.

ಇನ್ನು ಯಾರು ಹೇಳಿರುತ್ತಾರೆ? ಅವಳು ಬಾಯಿಬಿಟ್ಟು ಹೇಳಿದ್ದು ಈ ದ್ವೀಪದಲ್ಲಿ ಒಬ್ಬನ ಮುಂದೆ. ಅವನ ತಾಯಿಯ ಊರು ಅರೊರಂಗಿ. ಅವಾನಾದ ದೋಣಿಯಿಂದ ಅಕಾಯಿತಿ ಇಳಿದರೆ ಲಾಭ ಯಾರಿಗೆ?

ಶನಿವಾರದ ಸಂತೆಯಲ್ಲಿ, ತಾಳೆಗರಿ ಬುಟ್ಟಿಗಳ ಅಂಗಡಿಯ ಮುಂದೆ ಮತಾಯೊ ಸಿಕ್ಕಿದ. ಕೈಯಲ್ಲಿ ಒಂದು ಕಟ್ಟು ಕೆಸುವಿನ ಸೊಪ್ಪು. ಸುತ್ತ ಅರ್ಧ ದ್ವೀಪವೇ ನೆರೆದಿತ್ತು. ಅಕಾಯಿತಿ ದನಿ ಇಳಿಸಲಿಲ್ಲ.

"ಡಾಕ್ಟ್ರೇ, ಕೋಣೆಯ ಮಾತು ಕೋಣೆ ದಾಟಲ್ಲ ಅಂದ್ರಲ್ಲ? ನಿಮ್ಮ ಕೋಣೆಗೆ ಗೋಡೆ ಇಲ್ವಾ? ಇಲ್ಲ, ನಿಮ್ಮಮ್ಮನ ಊರಿನ ದೋಣಿ ಗೆಲ್ಲಲಿ ಅಂತ ಗೋಡೆ ಕೆಡವಿದ್ರಾ?"

ಮಾವಿನ ಹಣ್ಣು ತೂಗುತ್ತಿದ್ದವಳ ಕೈ ಹಾಗೇ ನಿಂತಿತು.

ಮತಾಯೊನ ಕಿವಿ ಕೆಂಪಾಯಿತು. ಒಂದು ಕ್ಷಣ ಏನೋ ಹೇಳಲು ಬಾಯಿ ತೆರೆದ. ಅವಳ ಭುಜದಾಚೆ, ಹೊದಿಕೆಗಳ ಅಂಗಡಿಯಲ್ಲಿ ಕೂತಿದ್ದ ರೂಟಾ ಅಜ್ಜಿಯ ಕಡೆ ಅವನ ಕಣ್ಣು ಹೋಗಿ ಬಂತು. ಬಾಯಿ ಮುಚ್ಚಿದ.

"ನಾನು ಹೇಳಿಲ್ಲ," ಎಂದ. "ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಸ್ಕ್ಯಾನಿಗೆ ಮಾತ್ರ ತಪ್ಪದೆ ಬನ್ನಿ."

"ನಾನು ಬರಲ್ಲ."

"ನನ್ನ ಮೇಲಿನ ಸಿಟ್ಟಿಗೆ ನಿಮ್ಮ ಹೃದಯಾನ ಯಾಕೆ ಶಿಕ್ಷಿಸ್ತೀರಿ? ಆ ದಿನ ನಾನಲ್ಲಿ ಇರಬಾರದು ಅಂದ್ರೆ ಇರಲ್ಲ. ನೀವು ಬನ್ನಿ."

ಅಷ್ಟು ಹೇಳಿ ಸೊಪ್ಪಿನ ಕಟ್ಟು ಹಿಡಿದು ಜನರ ನಡುವೆ ನೆಟ್ಟಗೆ ನಡೆದುಹೋದ. ತಲೆ ತಗ್ಗಿಸಲಿಲ್ಲ. ತಪ್ಪು ಮಾಡಿದವನು ಹಾಗೆ ನಡೆಯುತ್ತಾನೆಯೇ... ಎಂಬ ಸಣ್ಣ ಅನುಮಾನ ಅಕಾಯಿತಿಯ ಮನಸ್ಸಿನ ಮೂಲೆಯಲ್ಲಿ ಹಾದುಹೋಯಿತು. ಅದನ್ನು ಅಲ್ಲಿಗೇ ತಳ್ಳಿದಳು.

* * *

ಭಾನುವಾರ ಚರ್ಚಿನಿಂದ ಬಂದ ಮೇಲೆ ಅಜ್ಜಿ ಟೋಪಿಯನ್ನೂ ತೆಗೆಯದೆ ಜಗಲಿಯಲ್ಲಿ ಕೂತುಬಿಟ್ಟಳು. ಒಲೆಯಲ್ಲಿ ಬೇಯುತ್ತಿದ್ದ ಗೆಣಸಿನ ಕಡೆಗೂ ಗಮನವಿರಲಿಲ್ಲ. ಅಕಾಯಿತಿ ಬಂದು ಪಕ್ಕದಲ್ಲಿ ಕೂತು, ಮೈ ಸರಿಯಿಲ್ಲವೇ ಎಂದು ವಿಚಾರಿಸಿದಳು.

"ಪುನಾಗೆ ಹೇಳಿದ್ದು ನಾನು," ಎಂದಳು ಅಜ್ಜಿ.

ಅಕಾಯಿತಿಗೆ ಮೊದಲು ಅರ್ಥವೇ ಆಗಲಿಲ್ಲ.

ಅಜ್ಜಿ ರಸ್ತೆಯ ಕಡೆ ನೋಡುತ್ತಲೇ ಎಲ್ಲ ಹೇಳಿದಳು. ಮೊಮ್ಮಗಳು ಬಟ್ಟೆ ಒಣಹಾಕುವಾಗ ಎದೆ ಹಿಡಿದುಕೊಂಡದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದಳು. ಒಂದು ಸಲವಲ್ಲ. ಕೇಳಲು ಧೈರ್ಯ ಬಂದಿರಲಿಲ್ಲ. ಡಾಕ್ಟರ ಬಳಿ ಹೋಗಿ ಅಂಗಲಾಚಿದ್ದಳು. ಅವನು ಅಕಾಯಿತಿ ತನ್ನ ಬಳಿ ಬಂದಿದ್ದಾಳೆಂದೂ ಹೇಳಲಿಲ್ಲ, ಬಂದಿಲ್ಲವೆಂದೂ ಹೇಳಲಿಲ್ಲ. ಮೊಮ್ಮಗಳನ್ನೇ ಕೂರಿಸಿಕೊಂಡು ಮಾತಾಡಿ ಅಜ್ಜಿ ಎಂದನಂತೆ. ಹೊರಟಾಗ ಅಜ್ಜಿಯೇ ಅವನಿಂದ ಮಾತು ತೆಗೆದುಕೊಂಡಿದ್ದಳು, ನಾನು ಬಂದದ್ದು ಯಾರಿಗೂ ತಿಳಿಯಬಾರದು ಎಂದು. ಅಲ್ಲಿಂದ ನೇರ ಪುನಾನ ಮನೆಗೆ ಹೋಗಿದ್ದಳು.

"ನಿನ್ನೆ ಸಂತೇಲಿ ನೀನು ಅವನಿಗೆ ಅಷ್ಟೆಲ್ಲ ಅಂದೆ," ಎಂದಳು ಅಜ್ಜಿ. "ನನ್ನ ಹೆಸರು ಹೇಳಿದ್ರೆ ಅವನ ಮಾನ ಉಳೀತಿತ್ತು. ನನ್ನ ಮುಖ ನೋಡ್ದ, ಹೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ. ನಿನ್ನ ಅಮ್ಮ ಸುಮ್ಮನಿದ್ದು ಹೋದ್ಲು. ನಾನು ಸುಮ್ಮನಿದ್ದು ಅವಳನ್ನ ಕಳ್ಕೊಂಡೆ. ಇನ್ನು ಸುಮ್ಮನಿರೋದು ಆಗಲ್ಲ ಕಣೇ ಮಗಾ."

ಅಕಾಯಿತಿ ಅಜ್ಜಿಯ ಟೋಪಿ ತೆಗೆದು ಪಕ್ಕಕ್ಕಿಟ್ಟು, ಆ ನೆರೆತ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಸಿಟ್ಟು ಬರಲಿಲ್ಲ. ಇಬ್ಬರೂ ಒಂದೇ ಭಯವನ್ನು ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಕಾಣದ ಹಾಗೆ ಬಚ್ಚಿಟ್ಟುಕೊಂಡು ಬದುಕಿದ್ದರು. ಈಗ ಅದು ಜಗಲಿಗೆ ಬಂದಿತ್ತು, ಹಗಲಿನಲ್ಲಿ ನೋಡಿದರೆ ಸ್ವಲ್ಪ ಸಣ್ಣದಾಗಿಯೇ ಕಾಣುತ್ತಿತ್ತು.

ಆದರೆ ಅವನ ವಿಷಯ? ಅರ್ಧ ದ್ವೀಪದ ಮುಂದೆ ಅವನ ಮಾನ ಕಳೆದಿದ್ದಳಲ್ಲ...

ಕ್ಷಮೆ ಕೇಳುವುದು ಅಕಾಯಿತಿಗೆ ಬರುವ ವಿದ್ಯೆಯಲ್ಲ. ಆದರೂ ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ, ಔಷಧಿಗೆ ಸಾಲು ನಿಂತಿದ್ದ ಜನರೆಲ್ಲ ಕೇಳುವಂತೆ ಹೇಳಿದಳು: "ಡಾಕ್ಟ್ರೇ, ಸಂತೇಲಿ ನಾನು ಆಡಿದ್ದು ಸುಳ್ಳು. ನೀವು ಮಾತು ಉಳಿಸ್ಕೊಂಡಿದ್ರಿ. ಎಲ್ಲರ ಮುಂದೆ ಅಂದಿದ್ದು, ಅದಕ್ಕೇ ಎಲ್ಲರ ಮುಂದೆ ವಾಪಸ್ ತಗೋತಿದೀನಿ."

ಬೆನ್ನು ಇಷ್ಟು ನೆಟ್ಟಗಿಟ್ಟುಕೊಂಡು ಕ್ಷಮೆ ಕೇಳುವವರನ್ನು ಮತಾಯೊ ಕಂಡಿರಲಿಲ್ಲ.

"ಸ್ಕ್ಯಾನಿಗೆ ಬರ್ತೀರಾ?" ಎಂದ.

"ಬರ್ತೀನಿ. ನೀವೂ ಇರಿ," ಎಂದಳು. ಮತ್ತೆ ಸ್ವಲ್ಪ ತಡೆದು, "ಹೆದರಿಕೆ ಆಗತ್ತೆ," ಎಂದಳು. ಅದನ್ನು ಮಾತ್ರ ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ.

* * *

ಕೋಣೆ ಮಬ್ಬಾಗಿತ್ತು. ನ್ಯೂಜಿಲೆಂಡಿನಿಂದ ಬಂದ ಹೆಂಗಸು ತಣ್ಣನೆಯ ಲೇಪ ಹಚ್ಚಿ, ಪಕ್ಕೆಗಳ ನಡುವೆ ಸಣ್ಣ ಉಪಕರಣವೊಂದನ್ನು ಒತ್ತಿ ಹಿಡಿದಳು. ಪರದೆಯ ಮೇಲೆ ಬೂದುಬಣ್ಣದ ಏನೋ ಒಂದು ಮಿಸುಕಾಡಿತು. ಅಜ್ಜಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಳು.

"ಅದು ನಾನಾ?" ಎಂದಳು ಅಕಾಯಿತಿ.

"ನೀವೇ," ಎಂದ ಮತಾಯೊ. ಪರದೆಯ ಹತ್ತಿರ ಬಾಗಿ ಬೆರಳು ತೋರಿಸಿದ. "ಇಲ್ಲಿ ನೋಡಿ, ಎರಡು ರೆಕ್ಕೆ ಥರ ಬಡೀತಿದೆಯಲ್ಲ? ಇದೇ ಆ ಕವಾಟ. ನಿಮ್ಮ ಅಮ್ಮಂದು ದಪ್ಪವಾಗಿ ಅಂಟಿಕೊಂಡಿದ್ದು ಇದೇ."

"ನಂದು?"

ಅವನು ಆ ಹೆಂಗಸಿನ ಕಡೆ ನೋಡಿದ. ಅವಳು ಆ ಕಡೆಯಿಂದ, ಈ ಕಡೆಯಿಂದ, ಮತ್ತೊಮ್ಮೆ ಆ ಕಡೆಯಿಂದ ನೋಡಿ, ಅವಸರವಿಲ್ಲದೆ ತಲೆಯಾಡಿಸಿದಳು.

"ತೆಳ್ಳಗಿದೆ. ಪೂರ್ತಿ ತೆರೆಯತ್ತೆ, ಪೂರ್ತಿ ಮುಚ್ಚತ್ತೆ," ಎಂದ ಮತಾಯೊ. ಅವನ ದನಿ ಸ್ವಲ್ಪ ನಡುಗಿತು. "ಒಂದು ಕಲೆಯೂ ಇಲ್ಲ ಅಕಾಯಿತಿ. ಇದು ವರ್ಷಗಟ್ಟಲೆ ದೋಣಿ ಎಳೆದ ಹೃದಯ. ಇಷ್ಟು ಗಟ್ಟಿ ಹೃದಯ ನಾನು ದಿನಾ ನೋಡಲ್ಲ."

ಬಾಗಿಲ ಬಳಿ ಅಜ್ಜಿ ಜೋರಾಗಿ ಅತ್ತುಬಿಟ್ಟಳು. ಅಕಾಯಿತಿ ಅಳಲಿಲ್ಲ. ಪರದೆಯನ್ನೇ ನೋಡುತ್ತ ಮಲಗಿದ್ದಳು. ಆ ಎರಡು ರೆಕ್ಕೆಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ತಾಳ ತಪ್ಪದೆ. ಇಷ್ಟು ವರ್ಷ ತಾನು ಹೆದರಿದ್ದು ಇದಕ್ಕೆಯೇ? ಇದು ತನಗಾಗಿ ಹಗಲೂ ರಾತ್ರಿ ದುಡಿಯುತ್ತಿತ್ತು! ಎದೆಯೊಳಗೆ ಏನೋ ಉಕ್ಕಿ ಬಂತು. ಅದು ಹೆಮ್ಮೆ.

ನೋವಿನ ಕಾರಣ ಅವನು ಮೊದಲೇ ಹೇಳಿದ್ದೇ: ಹೊಸ ಹುಟ್ಟು, ಎರಡು ಪಟ್ಟು ಅಭ್ಯಾಸ, ಅದರಿಂದ ಊದಿಕೊಂಡ ಪಕ್ಕೆಲುಬಿನ ತುದಿ. ಸುಮ್ಮನೆ ಕೂತಾಗ ಚುಚ್ಚುತ್ತಿದ್ದದ್ದು ಹರೆಯದ ಆ ನಿರಪಾಯದ ನೋವು, ಅದನ್ನು ದೊಡ್ಡದು ಮಾಡಿದ್ದು ಒಳಗಿನ ಭಯ. ಎರಡು ವಾರ ವಿಶ್ರಾಂತಿ, ಬಿಸಿ ಶಾಖ, ಊತ ಇಳಿಯುವ ಮಾತ್ರೆ, ಆಮೇಲೆ ಹಳೆಯ ಹುಟ್ಟಿನಿಂದ ನಿಧಾನವಾಗಿ ಶುರು. ಓಡುವಾಗ ನೋವು ಬಂದರೆ, ತಲೆ ಸುತ್ತಿದರೆ, ಎದೆ ಅಡ್ಡಾದಿಡ್ಡಿ ಹೊಡೆದುಕೊಂಡರೆ ಮಾತ್ರ ತಡಮಾಡದೆ ಬರಬೇಕು.

ಹೊರಗೆ ಮೊಗಸಾಲೆಯಲ್ಲಿ ಅವಳು ಅವನಿಗೆ ಕೃತಜ್ಞತೆ ಹೇಳಲು ತಿರುಗಿದಳು. ಇನ್ನೂ ಏನೇನೋ ಹೇಳಬೇಕೆನಿಸಿತ್ತು. ಅಷ್ಟರಲ್ಲಿ ಅವನೇ ಹೇಳಿದ, ಎಲ್ಲೋ ನೋಡುತ್ತ:

"ಇನ್ಮುಂದೆ ನಿಮ್ಮನ್ನ ಡಾಕ್ಟರ್ ಲಿತಿಯಾ ನೋಡ್ತಾರೆ. ಅವರಿಗೆ ಎಲ್ಲ ತಿಳಿಸಿದೀನಿ. ತುಂಬಾ ಒಳ್ಳೆಯೋರು."

"ನೀವು?"

"ನಾನು ನೋಡೋದು ಬೇಡ ಅಂತ."

ಓಹೋ... ಸಂತೆಯ ಮಾತು ಮರೆತಿಲ್ಲ ಹಾಗಾದರೆ. ಕ್ಷಮಿಸಿದ, ಆದರೆ ಸಾಕಪ್ಪಾ ಸಾಕು ಎಂದುಕೊಂಡಿದ್ದಾನೆ. ಸರಿ. ಬೇಡ ಎಂದವರ ಮುಂದೆ ನಿಲ್ಲುವವಳಲ್ಲ ಅಕಾಯಿತಿ. ಒಳ್ಳೆಯದು ಎಂದಷ್ಟೇ ಹೇಳಿ, ಅಜ್ಜಿಯ ಕೈ ಹಿಡಿದು ಇಳಿಜಾರಿನಲ್ಲಿ ಇಳಿದುಹೋದಳು.

* * *

ಡಾಕ್ಟರ್ ಲಿತಿಯಾ ಫಿಜಿಯವಳು, ದಪ್ಪನೆಯ ನಗುಮುಖದ ಹೆಂಗಸು. ವಿಶ್ರಾಂತಿ ಮುಗಿದ ಮೇಲೆ ಒತ್ತಿ ನೋಡಿದಳು, ಕೈ ತಿರುಗಿಸಿ ನೋಡಿದಳು. ಗಂಟೆಗಟ್ಟಲೆ ಒಂದೇ ಸಮ ಎಳೆಯುವುದು ಬೇಡ, ಆದರೆ ದ್ವೀಪ ಸುತ್ತುವ ಓಟದಲ್ಲಿ ಸರದಿಯ ಮೇಲೆ ಹತ್ತಬಹುದು ಎಂದಳು. ಆ ಓಟಕ್ಕೆ ಒಂಬತ್ತು ಮಂದಿ. ದೋಣಿಯಲ್ಲಿ ಆರು, ಉಳಿದವರು ಜೊತೆಯ ಯಂತ್ರದೋಣಿಯಲ್ಲಿ. ಸುಸ್ತಾದವರು ನೀರಿಗೆ ಉರುಳಿದರೆ, ಮುಂದೆ ಈಜುತ್ತ ಕಾದವರು ಓಡುವ ದೋಣಿಗೆ ಹತ್ತಬೇಕು.

ಅಕಾಯಿತಿ ಪುನಾನ ಬಳಿ ಹೋಗಿ, ಮೊದಲ ಆಸನ ತಂಗಿಗೇ ಇರಲಿ, ನನ್ನನ್ನು ಸರದಿಗೆ ಹಾಕು ಎಂದಳು. ನಿಮ್ಮಮ್ಮನಿಗೆ ಈ ಮಾತು ಆಡಲು ಬರುತ್ತಿರಲಿಲ್ಲ ಎಂದ ಪುನಾ.

ಮತಾಯೊನನ್ನು ಅವಳು ಆ ದಿನಗಳಲ್ಲಿ ದೂರದಿಂದ ಕಂಡದ್ದುಂಟು. ರಸ್ತೆಯಲ್ಲಿ ಎದುರಾದರೆ ಕಿಯಾ ಒರಾನಾ ಎಂದು ದ್ವೀಪದ ನಮಸ್ಕಾರ ಹೇಳಿ ಕೈ ಮೇಲೆತ್ತುತ್ತಿದ್ದ, ಇವಳೂ ಎತ್ತುತ್ತಿದ್ದಳು. ಅಷ್ಟೇ. ಮರೆತಿದ್ದೇನೆ ಎಂದುಕೊಳ್ಳುತ್ತಿದ್ದಳು. ಹಾಗೆ ದಿನಕ್ಕೆಷ್ಟು ಸಲ ಅಂದುಕೊಳ್ಳುತ್ತೇನೆಂಬುದನ್ನು ಗಮನಿಸಿರಲಿಲ್ಲ. ಮೀರಿಯಾಮಾ ಗಮನಿಸಿದ್ದಳು. "ನೀನು ಮರೆಯೋ ಜೋರು ನೋಡಿದ್ರೆ ಮದುವೆಗೇ ಬಂದು ನಿಲ್ಲತ್ತೆ," ಎಂದು ಒಮ್ಮೆ ಅಂದು, ಅಕಾಯಿತಿ ಎರಚಿದ ನೀರಿನಿಂದ ಪೂರ್ತಿ ತೊಯ್ದಳು.

ಓಟದ ದಿನ ಬಂಡೆಸಾಲಿನ ಆಚೆ ಸಮುದ್ರ ಎದ್ದು ಕುಣಿಯುತ್ತಿತ್ತು. ತಾಹಿತಿಯವರು ಬಂದಿದ್ದರು, ಆಕ್ಲೆಂಡಿನವರು ಬಂದಿದ್ದರು, ಸಿಡ್ನಿಯವರೂ. ದ್ವೀಪದ ಊರುಗಳ ದೋಣಿಗಳು ಅವರ ನಡುವೆ ಹಳೆಯವಾಗಿ, ಭಾರವಾಗಿ ಕಾಣುತ್ತಿದ್ದವು.

ಮೊದಲ ಸರದಿಯಲ್ಲಿ ಅಕಾಯಿತಿ ನೀರಿಗೆ ಬಿದ್ದು ಕಾಯುವಾಗ ಎದೆ ಧಡಧಡ ಎನ್ನುತ್ತಿತ್ತು. ಒಂದು ಕಾಲದಲ್ಲಿ ಆ ಸದ್ದಿಗೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಈಗ ತೆರೆಯ ಮೇಲೆ ತೇಲುತ್ತ ಅದರ ಮಾತು ಕೇಳಿಸಿಕೊಂಡಳು. ಹೊಡಿ, ಹೊಡಿ ಎಂದಳು ಅದಕ್ಕೆ. ದೋಣಿ ಬಂತು, ಅಂಚು ಹಿಡಿದಳು, ಒಂದೇ ಎಳೆತಕ್ಕೆ ಒಳಗಿದ್ದಳು.

ಕೊನೆಯ ತಿರುವಿನಲ್ಲಿ ಸುಸ್ತಾದ ತಂಗಿ ನೀರಿಗೆ ಉರುಳಿದಳು. ಪುನಾ ಯಂತ್ರದೋಣಿಯಿಂದ ಕೈ ಬೀಸಿದ. ಮೊದಲ ಆಸನಕ್ಕೆ ಅಕಾಯಿತಿಯೇ ಹತ್ತಿದಳು. ಮುಂದೆ ಸಿಡ್ನಿಯವರ ದೋಣಿ, ಪಕ್ಕದಲ್ಲಿ ಅರೊರಂಗಿ. ಹಿಂದಿನ ಐವರು ಅವಳ ಬೆನ್ನನ್ನು ನೋಡಿದರು. ಅವಳ ಹುಟ್ಟು ಬಿತ್ತು, ಐದೂ ಬಿದ್ದವು. ಬಂದರಿನ ಬಾಯಿಯಲ್ಲಿ ಸಿಡ್ನಿಯವರನ್ನು ದಾಟಿದರು. ದಡದಲ್ಲಿ ಎದ್ದ ಕೂಗು ಅವಳಿಗೆ ಕೇಳಿಸಲೇ ಇಲ್ಲ.

ಅವಾನಾ ಮೂರನೆಯದಾಗಿ ಬಂತು. ದ್ವೀಪದ ದೋಣಿಗಳಲ್ಲಿ ಮೊದಲನೆಯದು.

* * *

ದಡದಲ್ಲಿ ಕೊರಳಿಗೆ ಬಿದ್ದ ಹೂಮಾಲೆಗಳ ನಡುವೆ ಅವಳ ಗಲ್ಲವೇ ಮುಚ್ಚಿಹೋಗಿತ್ತು. ಓಟದ ವೈದ್ಯರ ದೋಣಿ ಆಗಷ್ಟೇ ಕಟ್ಟೆಗೆ ತಾಗಿತ್ತು. ಅದರಿಂದ ಇಳಿದ ಮತಾಯೊ ಈ ಸಲ ಬರಿಗಾಲಿನಲ್ಲಿದ್ದ. ಜನರನ್ನು ಸರಿಸಿಕೊಂಡು ಅವಳೆದುರು ಬಂದು ನಿಂತ.

"ಎದೆ ನೋಡೋಕೆ ಬಂದ್ರಾ?" ಎಂದಳು ಅಕಾಯಿತಿ, ಹುಟ್ಟನ್ನು ಮರಳಿಗೆ ಊರಿ. "ಅದು ಡಾಕ್ಟರ್ ಲಿತಿಯಾ ಅವರ ಕೆಲಸ. ನೀವು ಕೈಬಿಟ್ರಲ್ಲ."

"ಕೈಬಿಟ್ಟೆ," ಎಂದ. "ಬಿಡಲೇಬೇಕಿತ್ತು. ಆ ಸ್ಕ್ಯಾನಿನ ದಿನ ಪರದೆ ನೋಡ್ತಿದ್ದಾಗ ನನ್ನ ದನಿ ನಡುಗ್ತಿತ್ತು. ಡಾಕ್ಟರ ದನಿ ರೋಗಿ ಮುಂದೆ ಹಾಗೆ ನಡುಗಬಾರದು. ನಾನು ನೋಡಿಕೊಳ್ಳೋ ರೋಗಿಯನ್ನ ನಾನು ಪ್ರೀತಿಸೋ ಹಾಗಿಲ್ಲ ಅಕಾಯಿತಿ. ಎರಡರಲ್ಲಿ ಒಂದು ಬಿಡಬೇಕಿತ್ತು. ರೋಗೀನ ಬಿಟ್ಟೆ."

ಮೀರಿಯಾಮಾ ಪಕ್ಕದಲ್ಲಿ ಎಳನೀರು ಕುಡಿಯುವುದನ್ನು ನಿಲ್ಲಿಸಿ, ಕೇಳಿಸದವಳಂತೆ ಆಕಾಶ ನೋಡತೊಡಗಿದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಓಟಕ್ಕೆ ಸಿದ್ಧವಾಗ್ತಿದ್ರಿ. ನನ್ನ ಮಾತಿನ ಭಾರಾನೂ ಹೊತ್ತುಕೊಂಡು ಹುಟ್ಟು ಹಾಕೋದು ಬೇಡ ಅನ್ನಿಸ್ತು. ಇನ್ನೂ ಒಂದು... ಇಲ್ಲಿನ ನನ್ನ ಕೆಲಸ ಈ ವರ್ಷಕ್ಕೆ ಮುಗೀಬೇಕಿತ್ತು. ಇಲ್ಲೇ ಉಳೀತೀನಿ ಅಂತ ಕೇಳಿಕೊಂಡಿದ್ದೆ. ನಿನ್ನೆ ಒಪ್ಪಿದ್ರು. ನೀವು ಬೇಡ ಅಂದ್ರೂ ಉಳೀತೀನಿ, ಇಲ್ಲಿ ಕೆಲಸ ಇದೆ. ಹ್ಞೂಂ ಅಂದ್ರೆ..."

ಇಷ್ಟು ಓದಿದವನಿಗೆ ಒಂದು ವಾಕ್ಯ ಮುಗಿಸಲು ಬರುವುದಿಲ್ಲವಲ್ಲ ಎಂದುಕೊಂಡಳು ಅಕಾಯಿತಿ. ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಕೊರಳಿನ ಒಂದು ಮಾಲೆ ತೆಗೆದು ಅವನ ಕೊರಳಿಗೆ ಹಾಕಿದಳು.

"ಇನ್ಮೇಲೆ 'ನೀವು' ಅನ್ನಬೇಡ ನನ್ನ," ಎಂದಳು. "ಬಾ."

ಅವನ ಕೈ ಹಿಡಿದು, ಅವಾನಾದವರು ಹರಡಿದ್ದ ಚಾಪೆಗಳ ಕಡೆ ನಡೆದಳು. ಹುರಿದ ಮೀನು, ತೆಂಗಿನಹಾಲಿನಲ್ಲಿ ನೆನೆಸಿದ ಹಸಿ ಮೀನು, ಬಾಳೆಹಣ್ಣಿನ ಪಾಯಸಗಳ ನಡುವೆ ರೂಟಾ ಅಜ್ಜಿ ರಾಣಿಯಂತೆ ಕೂತಿದ್ದಳು. ಇಬ್ಬರ ಕೈಗಳನ್ನೂ ನೋಡಿದಳು, ಅವನ ಕೊರಳಿನ ಮಾಲೆಯನ್ನೂ ನೋಡಿದಳು.

"ಕೂತ್ಕೊಳ್ಳಿ ಡಾಕ್ಟ್ರೇ," ಎಂದಳು, ಸರಿದು ಜಾಗ ಮಾಡುತ್ತ.

"ಡಾಕ್ಟ್ರು ಅನ್ಬೇಡ ಅಜ್ಜಿ," ಎಂದಳು ಅಕಾಯಿತಿ. ಊರೆಲ್ಲ ಕೇಳುವಂತೆ, ಬೆನ್ನು ನೆಟ್ಟಗೆ ಮಾಡಿಕೊಂಡು. "ಮತಾಯೊ ಅನ್ನು. ನನ್ನವನು ಇವನು."

ಮತಾಯೊ ಅವಳ ಕಡೆ ತಿರುಗಿದ. "ಇನ್ನೊಂದ್ಸಲ ಹೇಳ್ತೀಯಾ?" ಎಂದ ಮೆಲ್ಲಗೆ.

"ದಿನಾ ಹೇಳ್ತೀನಿ," ಎಂದಳು. "ಮೊದಲು ಊಟ ಮಾಡು."